ನೆಬ್ರಾಸ್ಕದಲ್ಲಿ ನೀರಿಗೆ ಲೆಕ್ಕ ಇದೆ, ಗೊಬ್ಬರಕ್ಕೂ ಬರಬೇಕು

ನೆಬ್ರಾಸ್ಕ ಅಂದರೆ ಬರೀ ಬಯಲು, ಬರೀ ಮೆಕ್ಕೆಜೋಳದ ಹೊಲ ಅನ್ನುವವರೇ ಜಾಸ್ತಿ. ನನ್ನ ಪ್ರಕಾರ ಅಂತರ್ಜಲದ ವಿಚಾರದಲ್ಲಿ ಅಮೆರಿಕದ ಯಾವ ರಾಜ್ಯದಿಂದಲಾದರೂ ಕಲಿಯುವುದಿದ್ದರೆ ಅದು ನೆಬ್ರಾಸ್ಕದಿಂದ. ನೀರು ಉಳಿಸುವ ಕೆಲಸವನ್ನು ಅಲ್ಲಿನವರು ಬಹಳ ಚೆನ್ನಾಗಿ ಮಾಡಿದ್ದಾರೆ. ಆ ನೀರು ಕೆಡದಂತೆ ನೋಡಿಕೊಳ್ಳುವುದರಲ್ಲಿ ಮಾತ್ರ ಎಡವಿದ್ದಾರೆ.

ವಿಸ್ತೀರ್ಣ ಸುಮಾರು 2 ಲಕ್ಷ ಚದರ ಕಿಲೋಮೀಟರ್, ಕರ್ನಾಟಕಕ್ಕಿಂತ ಚೂರು ದೊಡ್ಡದು. ಜನ ಮಾತ್ರ 2020ರ ಗಣತಿಯಲ್ಲೂ 20 ಲಕ್ಷ ಮುಟ್ಟಿಲ್ಲ. ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಪೂರ್ವದ ಒಮಾಹಾ, ಲಿಂಕನ್ ಸುತ್ತಮುತ್ತ ಇದ್ದಾರೆ. ದನಗಳು ಜನರ ಮೂರು ಪಟ್ಟು. ಮಿಸೌರಿ ನದಿಯ ದಂಡೆಯಲ್ಲಿ 256 ಮೀಟರ್ ಎತ್ತರದಲ್ಲಿರುವ ನೆಲ ಪಶ್ಚಿಮಕ್ಕೆ ಹೋಗುತ್ತಾ ಕಣ್ಣಿಗೆ ಗೊತ್ತಾಗದ ಹಾಗೆ ಏರಿ 1,650 ಮೀಟರ್ ತಲುಪುತ್ತದೆ. ನೆಲ ಏರಿದಂತೆ ಮಳೆ ಇಳಿಯುತ್ತದೆ: ಪೂರ್ವದಲ್ಲಿ ವರ್ಷಕ್ಕೆ 30 ಇಂಚು ದಾಟುತ್ತದೆ, ಪಶ್ಚಿಮದ ತುದಿಯಲ್ಲಿ 15ರ ಆಸುಪಾಸು.

ಈ ವ್ಯತ್ಯಾಸವನ್ನು ವಾಷಿಂಗ್ಟನ್ನಿನಲ್ಲಿ ಕೂತು ಕಾನೂನು ಬರೆದವರು ಗಮನಿಸಲಿಲ್ಲ. 1862ರ ಹೋಮ್‌ಸ್ಟೆಡ್ ಕಾಯ್ದೆ ಒಂದು ಕುಟುಂಬಕ್ಕೆ 160 ಎಕರೆ ಕೊಟ್ಟಿತು, ಐದು ವರ್ಷ ಅಲ್ಲೇ ಇದ್ದು ಸಾಗುವಳಿ ಮಾಡಬೇಕೆಂಬ ಷರತ್ತಿನ ಮೇಲೆ. ಪಾನಿ, ಒಟೊ, ಲಕೋಟ ಎಂಬ ಮೂಲನಿವಾಸಿ ಜನರಿಂದ ಬಿಡಿಸಿಕೊಂಡ ನೆಲವೇ ಅದು ಅನ್ನುವುದನ್ನು ಮರೆಯಬಾರದು. ಪೂರ್ವದಲ್ಲಿ 160 ಎಕರೆಯಲ್ಲಿ ಬದುಕಬಹುದಿತ್ತು, ಪಶ್ಚಿಮದಲ್ಲಿ ಆಗುತ್ತಿರಲಿಲ್ಲ. 1904ರಲ್ಲಿ ಅದನ್ನು 640 ಎಕರೆಗೆ ಏರಿಸಿದರೂ ಎಷ್ಟೋ ಜನ ಕೈಚೆಲ್ಲಿ ದನ ಸಾಕುವ ದೊಡ್ಡ ಹಿಡುವಳಿದಾರರಿಗೆ ಮಾರಿ ಹೋದರು.

ಅವರು ಬಿಟ್ಟುಹೋದ ಸ್ಯಾಂಡ್‌ಹಿಲ್ಸ್ ರಾಜ್ಯದ ಕಾಲು ಭಾಗದಷ್ಟಿದೆ. ಹುಲ್ಲು ಹಿಡಿದಿಟ್ಟಿರುವ ಮರಳು ದಿಬ್ಬಗಳು ಅವು. ಉತ್ತರು ಹುಲ್ಲು ಕಿತ್ತರೆ ಗಾಳಿಗೆ ಮರಳು ಎದ್ದು ದಿಬ್ಬದ ಮೈಯಲ್ಲಿ ಗುಂಡಿ ಬೀಳುತ್ತದೆ, ಅದು ವರ್ಷವರ್ಷ ಹರಡುತ್ತದೆ. ಹುಲ್ಲು ಉಳಿದರೆ ಬಿದ್ದ ಮಳೆ ಹರಿದು ಹೋಗದೆ ನೇರ ಕೆಳಗೆ ಇಂಗುತ್ತದೆ. ಎಂಟು ರಾಜ್ಯಗಳ ಅಡಿಯಲ್ಲಿ ಹರಡಿರುವ ಒಗಲಾಲಾ ಜಲಪದರದ ನೀರಿನಲ್ಲಿ ಸುಮಾರು ಮೂರನೇ ಎರಡು ಭಾಗ ನೆಬ್ರಾಸ್ಕದ ಕೆಳಗಿದೆ.

ಆ ನೀರನ್ನು ಹೊಲಕ್ಕೆ ತಂದದ್ದು ಸೆಂಟರ್ ಪಿವಟ್, ಅಂದರೆ ಹೊಲದ ನಡುವಿನಿಂದ ಸುತ್ತುತ್ತಾ ನೀರು ಹಾಯಿಸುವ ಯಂತ್ರ. ಫ್ರಾಂಕ್ ಝೈಬಾಕ್ ಎಂಬ ರೈತ 1952ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಇವತ್ತು ಪಿವಟ್ ತಯಾರಿಸುವ ದೊಡ್ಡ ಕಂಪನಿಗಳಾದ ವ್ಯಾಲಿ, ಝಿಮ್ಯಾಟಿಕ್, ರೈಂಕಿ, ಟಿ-ಎಲ್ ನಾಲ್ಕರ ಮೂಲವೂ ಇದೇ ರಾಜ್ಯ. ಹೊಲದ ನಡುವೆ ನೀರಿನ ಬಾಯಿ, ಅಲ್ಲಿಂದ ಸುಮಾರು 1,300 ಅಡಿ ಉದ್ದದ ಪೈಪು, ಅದನ್ನು ಹೊತ್ತು ಸುತ್ತುವ ಗಾಲಿಯ ಟವರುಗಳು. 160 ಎಕರೆಯ ಚೌಕದಲ್ಲಿ 125ರಿಂದ 130 ಎಕರೆಗೆ ನೀರು ಸಿಗುತ್ತದೆ, ನಾಲ್ಕು ಮೂಲೆ ಒಣಗಿರುತ್ತವೆ. ನಿಮಿಷಕ್ಕೆ 3,000 ಲೀಟರ್ ಕೊಡುವ ಬಾವಿಯಿದ್ದರೆ 130 ಎಕರೆಗೆ ಒಂದು ಇಂಚು ನೀರು ಕೊಡಲು ಮೂರು ದಿನ ಹಿಡಿಯುತ್ತದೆ.

ಹೊರಗಿನ ಟವರು ಒಂದೇ ಹೊತ್ತಿನಲ್ಲಿ ಒಳಗಿನದಕ್ಕಿಂತ ಎಷ್ಟೋ ಹೆಚ್ಚು ನೆಲ ಸುತ್ತುವುದರಿಂದ ಹೊರಕ್ಕೆ ಹೋದಂತೆ ನೀರು ಚಿಮ್ಮುವ ನಾಝಲ್ ದೊಡ್ಡದಾಗುತ್ತಾ ಹೋಗಬೇಕು. ಬದಲಾಯಿಸುವಾಗ ಕ್ರಮ ತಪ್ಪಿದರೆ ಹೊಲದಲ್ಲಿ ಬಳೆಯಾಕಾರದ ಪಟ್ಟೆಗಳು ಕಾಣಿಸಿಕೊಳ್ಳುತ್ತವೆ, ಒಂದು ಹಸಿರು, ಒಂದು ಹಳದಿ. ಗಾಲಿ ಕೆಸರಿನಲ್ಲಿ ಹೂತರೆ ಪೈಪಿನ ಸಾಲು ಬಾಗುತ್ತದೆ, ಆಗ ಸುರಕ್ಷತಾ ಸ್ವಿಚ್ಚು ಇಡೀ ಯಂತ್ರವನ್ನು ನಿಲ್ಲಿಸುತ್ತದೆ. ಆ ಸ್ವಿಚ್ಚು ಕೆಟ್ಟಿದ್ದರೆ ಪೈಪು ತಿರುಚಿಕೊಂಡು ನೆಲಕ್ಕೆ ಬೀಳುತ್ತದೆ.

ಇಂಥ ಯಂತ್ರ ಟೆಕ್ಸಾಸಿನಲ್ಲೂ ಇದೆ, ಕಾನ್ಸಸಿನಲ್ಲೂ ಇದೆ. ಅಲ್ಲೆಲ್ಲ ಅದೇ ಜಲಪದರ ದೊಡ್ಡ ಭಾಗದಲ್ಲಿ ಕುಸಿದಿದೆ. ನೆಬ್ರಾಸ್ಕದಲ್ಲಿ ಪದರ ದಪ್ಪವಿದೆ, ಇಂಗುವಿಕೆಯೂ ಹೆಚ್ಚು, ಅದು ಪ್ರಕೃತಿಯ ಕೊಡುಗೆ. ಆದರೆ 1972ರಲ್ಲಿ ಶುರುವಾದ ನೈಸರ್ಗಿಕ ಸಂಪನ್ಮೂಲ ಜಿಲ್ಲೆಗಳು ಅಲ್ಲಿನ ಜನರೇ ಮಾಡಿಕೊಂಡದ್ದು. ಈಗ ಅಂಥವು 23 ಇವೆ. ಅವುಗಳ ಗಡಿ ಕೌಂಟಿ ಗಡಿಯಲ್ಲ, ನದಿಗಳ ಜಲಾನಯನದ ಗಡಿ. ಆಡಳಿತ ಮಂಡಳಿಯನ್ನು ಜನರೇ ಚುನಾಯಿಸುತ್ತಾರೆ, ಅದಕ್ಕೆ ಆಸ್ತಿ ತೆರಿಗೆ ಹಾಕುವ ಅಧಿಕಾರವಿದೆ, ಬಾವಿಗೆ ಮೀಟರ್ ಹಾಕಿಸುವ ಅಧಿಕಾರವೂ ಇದೆ. ನೈಋತ್ಯದ ಅಪ್ಪರ್ ರಿಪಬ್ಲಿಕನ್ ಜಿಲ್ಲೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಎಕರೆಗೆ ವರ್ಷಕ್ಕೆ ಸರಾಸರಿ 13 ಇಂಚಿನ ಮಿತಿ ಇದೆ. ಲೆಕ್ಕ ಹಲವು ವರ್ಷಗಳ ಗಂಟಿನಲ್ಲಿ ಇರುವುದರಿಂದ ಮಳೆಯ ವರ್ಷ ಉಳಿಸಿದ್ದನ್ನು ಬರದ ವರ್ಷ ಬಳಸಬಹುದು. ಮಿತಿ ಹಾಕುವ ಕೈ ನೆರೆಯ ರೈತನದೇ ಆಗಿದ್ದರಿಂದಲೇ ಇದು ನಡೆಯಿತು ಎಂದು ನನ್ನ ನಂಬಿಕೆ.

ಇಷ್ಟಾದರೂ ಪೆಟ್ಟು ತಪ್ಪಲಿಲ್ಲ. ಕಾನ್ಸಸ್, ಕೊಲೊರಾಡೊ ಜೊತೆ ನೀರು ಹಂಚಿಕೊಳ್ಳಲು ಮಾಡಿಕೊಂಡ 1943ರ ರಿಪಬ್ಲಿಕನ್ ನದಿ ಒಪ್ಪಂದಕ್ಕೆ ಅಂತರ್ಜಲ ಸೇರುವುದಿಲ್ಲ ಎಂದು ನೆಬ್ರಾಸ್ಕ ವಾದಿಸಿತು. ಬಾವಿಯಿಂದ ಎತ್ತಿದರೆ ನದಿ ಬತ್ತುತ್ತದೆ ಎಂಬುದನ್ನು ಕೋರ್ಟು ಒಪ್ಪಿಕೊಂಡಿತು. 2015ರಲ್ಲಿ ಸುಪ್ರೀಂ ಕೋರ್ಟು ಕಾನ್ಸಸಿಗೆ 55 ಲಕ್ಷ ಡಾಲರ್ ಕೊಡಿಸಿತು. ಅದರಲ್ಲಿ 37 ಲಕ್ಷ ಕಾನ್ಸಸಿಗಾದ ನಷ್ಟ, ಉಳಿದ 18 ಲಕ್ಷ ನೆಬ್ರಾಸ್ಕ ಮಾಡಿಕೊಂಡ ಲಾಭದಿಂದ ಕಿತ್ತುಕೊಂಡದ್ದು.

ನನಗೆ ನಿಜವಾಗಿ ಬೇಸರ ತರುವುದು ನೈಟ್ರೇಟ್. ರಾಜ್ಯದ ಆರ್ಥಿಕತೆ ಒಂದು ಸರಪಳಿ: ಮೆಕ್ಕೆಜೋಳ, ಅದರಿಂದ ಎಥೆನಾಲ್, ಉಳಿದ ಹಿಂಡಿ ಫೀಡ್‌ಲಾಟಿನಲ್ಲಿ ಕೂಡಿಹಾಕಿ ಕೊಬ್ಬಿಸುವ ದನಕ್ಕೆ, ದನ ಮಾಂಸದ ಕಾರ್ಖಾನೆಗೆ. ಎಲ್ಲದರ ಬುಡದಲ್ಲಿ ಸಾರಜನಕ ಗೊಬ್ಬರ. ಕೊಯ್ಲು ಮುಗಿದ ಮೇಲೆ ಕೈ ಬಿಡುವು ಇರುತ್ತದೆಂದು ಶರತ್ಕಾಲದಲ್ಲೇ ಅಮೋನಿಯಾ ಹಾಕಿಬಿಡುವವರಿದ್ದಾರೆ. ಮಣ್ಣು 10 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದರೆ ಅದು ಬೇಗ ನೈಟ್ರೇಟ್ ಆಗುತ್ತದೆ, ಬೆಳೆಯ ಬೇರು ಇಳಿಯುವ ಮೊದಲೇ ವಸಂತದ ಮಳೆ ಅದನ್ನು ಮರಳಿನ ಮೂಲಕ ಕುಡಿಯುವ ನೀರಿಗೆ ಇಳಿಸುತ್ತದೆ. ನೈಟ್ರೇಟ್ ರೂಪದ ಸಾರಜನಕ ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ಹಸುಗೂಸುಗಳ ಜೀವಕ್ಕೇ ಅಪಾಯ. ಪ್ಲಾಟ್ ನದಿಯ ಕಣಿವೆಯಲ್ಲಿ ಆ ಮಿತಿ ದಾಟಿದ ಬಾವಿಗಳು ಬೇಕಾದಷ್ಟಿವೆ.

ಪರಿಹಾರ ಹೊಲದಲ್ಲೇ ನಿಂತಿದೆ. 10 ಮಿಲಿಗ್ರಾಂ ಇರುವ ನೀರನ್ನು ಹತ್ತು ಇಂಚು ಕೊಟ್ಟರೆ ಎಕರೆಗೆ ಸುಮಾರು 10 ಕಿಲೋ ಸಾರಜನಕ ಬಿಟ್ಟಿ ಸಿಗುತ್ತದೆ. ಬಾವಿ ನೀರು ಪರೀಕ್ಷಿಸಿ ಅಷ್ಟನ್ನು ಗೊಬ್ಬರದಿಂದ ಕಳೆಯಬೇಕು. ಉಳಿದದ್ದನ್ನು ಒಟ್ಟಿಗೆ ಸುರಿಯದೆ, ಬೆಳೆ ಎಳೆದುಕೊಳ್ಳುವ ಜೂನ್, ಜುಲೈನಲ್ಲಿ ಪಿವಟ್ಟಿನ ನೀರಿನ ಜೊತೆಗೇ ಕಂತಿನಲ್ಲಿ ಕೊಡಬೇಕು. ಪಂಪು ನಿಂತಾಗ ಗೊಬ್ಬರ ಬಾವಿಗೆ ವಾಪಸ್ ಹೋಗದಂತೆ ಚೆಕ್ ವಾಲ್ವ್ ಇರಲೇಬೇಕೆಂಬ ಕಾನೂನು 1986ರಿಂದಲೇ ಇದೆ, ತಪಾಸಣೆ ಮಾಡುವುದೂ ಇವೇ ಜಿಲ್ಲೆಗಳು. ಕೆಲವು ಜಿಲ್ಲೆಗಳು ಶರತ್ಕಾಲದ ಗೊಬ್ಬರಕ್ಕೆ ತಡೆ ಹಾಕಿವೆ, ತರಬೇತಿ ಕಡ್ಡಾಯ ಮಾಡಿವೆ. ಸಾಲದು. ಎಕರೆಗೆ ಇಷ್ಟೇ ಇಂಚು ನೀರು ಎಂದು ಬರೆದ ಮಂಡಳಿಗಳು ಎಕರೆಗೆ ಇಷ್ಟೇ ಕಿಲೋ ಸಾರಜನಕ ಎಂದೂ ಬರೆಯಬೇಕು, ಮರಳು ಮಣ್ಣಿನ ಜಿಲ್ಲೆಗಳಿಂದ ಶುರುಮಾಡಿ.