ಕಣ್ಣಿಗೆ ಕಿಡಿ ಬಿದ್ರೆ ಬೆಂಕಿಕಡ್ಡಿ ಹುಡುಕ್ಬೇಡ್ರಪ್ಪಾ

ಬೆಂಗಳೂರಿನ ಪೀಣ್ಯ ಇಂಡಸ್ಟ್ರಿಯಲ್ ಏರಿಯಾದ ಯಾವ ಶೆಡ್ಡಿಗೆ ಬೇಕಾದ್ರೂ ಹೋಗಿ, ಕಣ್ಣಲ್ಲಿ ಬಿದ್ದಿದ್ದು ತೆಗೆಯೋಕೆ ಅಂತಾನೇ ಒಬ್ಬ ಎಕ್ಸ್‌ಪರ್ಟ್ ಇರ್ತಾನೆ. ಗ್ರೈಂಡಿಂಗ್ ಮಾಡ್ತಾ ಕಿಡಿ ಹಾರ್ತು ಅಂದ್ರೆ ಸೀದಾ ಅವನ ಹತ್ರ, ಅವನು ಟ್ಯೂಬ್‌ಲೈಟ್ ಕೆಳಗೆ ನಿಲ್ಲಿಸಿ, ರೆಪ್ಪೆ ಮಗುಚಿ, ಬೆಂಕಿಕಡ್ಡೀಲೋ ಬನೀನಿನ ತುದೀಲೋ ಕೆದಕಿ "ನೋಡಣ್ಣ, ಬಂತು" ಅಂತ ತೋರಿಸ್ತಾನೆ. ಪಾಪ ಒಳ್ಳೇ ಮನಸ್ಸಿಂದಾನೇ ಮಾಡೋದು. ಆದ್ರೆ ಕಬ್ಬಿಣದ ಕಿಡಿ ಕಾದು ಬಂದು ಕಪ್ಪುಗುಡ್ಡೆ ಮೇಲೆ ಕಚ್ಕೊಂಡಿರುತ್ತೆ, ಚೂರು ಬಂದ್ರೂ ಸುತ್ತ ತುಕ್ಕಿನ ಉಂಗುರ ಉಳ್ಕೊಳುತ್ತೆ, ಅದನ್ನ ಕಣ್ಣಿನ ಡಾಕ್ಟ್ರು ಮೆಷಿನಲ್ಲಿ ನೋಡೇ ತೆಗೀಬೇಕು. ಕಡ್ಡಿ ಗೀರಿದ ಜಾಗಕ್ಕೆ ಇನ್ಫೆಕ್ಷನ್ ಆಗಿ ಕಣ್ಣಲ್ಲಿ ಹೂ ಬಿದ್ರೆ ಆ ಎಕ್ಸ್‌ಪರ್ಟ್ ಏನ್ ಮಾಡ್ತಾನೆ?

ನಂಗೆ ಸಿಟ್ಟು ಬರೋದು ಇದಕ್ಕೇ, ಏನೇ ಆದ್ರೂ ನಮ್ದು ಒಂದೇ ಮದ್ದು: ಉಜ್ಜು, ಊದು, ಕೆದಕು. ಸೈಟಲ್ಲಿ ಸುಣ್ಣವೋ ಸಿಮೆಂಟೋ ಬಿತ್ತು, ಲೋಹಕ್ಕೆ ಲೇಪ ಹಾಕೋ ಪ್ಲೇಟಿಂಗ್ ಶಾಪಲ್ಲಿ ಕಾಸ್ಟಿಕ್ ಸೋಡಾ ಸಿಡೀತು ಅಂದ್ರೆ ಎಲ್ರೂ ಆಟೋ ಹಿಡಿದು ಮಿಂಟೋ ಕಣ್ಣಾಸ್ಪತ್ರೆ ಕಡೆ ಓಡ್ತಾರೆ. ನೀವು ಗೊರಗುಂಟೆಪಾಳ್ಯ ಸಿಗ್ನಲ್ ದಾಟೋಷ್ಟ್ರಲ್ಲಿ ಸುಣ್ಣ ತನ್ನ ಕೆಲ್ಸ ಮುಗಿಸಿರುತ್ತೆ ಸ್ವಾಮಿ, ಯಾಕಂದ್ರೆ ಸುಣ್ಣ, ಸಿಮೆಂಟು, ಕಾಸ್ಟಿಕ್ಕು ಎಲ್ಲಾ ಕ್ಷಾರ, ಕ್ಷಾರ ಆಸಿಡ್‌ಗಿಂತ ಆಳಕ್ಕೆ ಇಳಿಯುತ್ತೆ. ಮೊದ್ಲು ನಲ್ಲಿ. ರೆಪ್ಪೆ ಬಿಡಿಸಿ ಹಿಡ್ಕೊಂಡು, ಮೂಗಿನ ಕಡೆಯಿಂದ ಹೊರಗಡೆಗೆ ನೀರು ಹರಿಯೋ ಹಾಗೆ, ಕಡಿಮೆ ಅಂದ್ರೂ 15-20 ನಿಮಿಷ. ಹುಡುಗ ಉರಿ ಅಂತ ಕಿರುಚಾಡ್ತಾನೆ, ಆದ್ರೂ ಬಿಡ್ಬೇಡಿ. ಆಮೇಲೆ ಆಸ್ಪತ್ರೆ.

ಆದ್ರೆ ಉಳಿ-ಸುತ್ತಿಗೆ ಏಟಿಗೆ ಚೂರು ಹಾರಿ ಚುಚ್ಚಿದ್ರೆ ಪೂರ್ತಿ ಉಲ್ಟಾ. ನೀರೂ ಬೇಡ, ಒತ್ತೋದೂ ಬೇಡ, ಕೀಳೋದಂತೂ ಬೇಡ್ವೇ ಬೇಡ. ಟೀ ಕುಡಿಯೋ ಪೇಪರ್ ಕಪ್ಪು ಇರುತ್ತಲ್ಲ, ಹೊಸಾದೊಂದು ತಗೊಂಡು ಅದರ ಬಾಯಿ ಕಣ್ಣಿನ ಸುತ್ತಲ ಮೂಳೆ ಮೇಲೆ ಕೂರೋ ಹಾಗೆ ಮುಚ್ಚಿ, ಟೇಪ್ ಹಾಕಿ, ತಕ್ಷಣ ಹೊರಡಿ. ಇಂಥ ಚೂರು ಒಳಗೆ ಹೋದ್ರೂ ಕೆಲವ್ರಿಗೆ ಅಷ್ಟು ನೋವಿರಲ್ಲ, ಹಂಗಂತ "ಏನಾಗಿಲ್ಲ ಬಿಡಣ್ಣ" ಅಂತ ಮತ್ತೆ ಕೆಲ್ಸಕ್ಕೆ ನಿಂತ್ಕೊಳ್ತಾರೆ.

ಇನ್ನು ವೆಲ್ಡಿಂಗ್ ಹುಡುಗ್ರು. ಶೀಲ್ಡ್ ಇಲ್ದೆ ಟ್ಯಾಕ್ ಅಂತ ಚಿಕ್ಕ ಚಿಕ್ಕ ಬೆಸುಗೆ ಹಾಕಿ, ರಾತ್ರಿ ಆ ಬೆಳಕಿಗೆ ಸುಟ್ಟ ಕಣ್ಣಲ್ಲಿ ಮರಳು ಸುರಿದಂಗೆ ಆದಾಗ ಮೆಡಿಕಲ್ಲಲ್ಲಿ ಕೇಳಿ ಯಾವ್ದೋ ಡ್ರಾಪ್ಸ್ ಹಾಕ್ಕೊಳ್ತಾರೆ. ಅದು ಮರಗಟ್ಟಿಸೋ ಡ್ರಾಪ್ಸ್ ಆಗಿದ್ರೆ ನೋವೇನೋ ಹೋಗುತ್ತೆ, ಆದ್ರೆ ಪದೇ ಪದೇ ಹಾಕಿದ್ರೆ ಗಾಯ ಮಾಯಲ್ಲ.

ಓನರ್‌ಗಳನ್ನ ಕೇಳಿದ್ರೆ "ಗಾಗಲ್ಸ್ ಕೊಟ್ಟಿದೀವಿ, ಇವ್ರೇ ಹಾಕಲ್ಲ" ಅಂತಾರೆ. ಕಣ್ಣಿನ ರಕ್ಷಣೆ ಬಗ್ಗೆ 1948ರ ಫ್ಯಾಕ್ಟರೀಸ್ ಆಕ್ಟಿನ 35ನೇ ಸೆಕ್ಷನ್ನಲ್ಲೇ ಬರೆದಿತ್ತು, ಸ್ಕ್ರೀನ್ ಅಥವಾ ಸರಿಯಾದ ಗಾಗಲ್ಸ್ ಕೊಡ್ಬೇಕು ಅಂತ. ಮೊಳೆಗೆ ನೇತಾಕಿರೋ ಆ ಗೀರುಬಿದ್ದ ಗಾಗಲ್ಸು ತಗಡಿನ ಶೆಡ್ಡಲ್ಲಿ ಎರಡೇ ನಿಮಿಷಕ್ಕೆ ಮಂಜು ಹಿಡಿಯುತ್ತೆ, ಒಂದ್ಸಲ ನೀವೇ ಹಾಕ್ಕೊಂಡು ಗ್ರೈಂಡಿಂಗ್ ಮಾಡಿ ನೋಡಿ. ಫಸ್ಟ್ ಏಡ್ ಬಾಕ್ಸ್ ಕೀ ಓನರ್ ಜೇಬಲ್ಲಿ, ಓನರ್ ತಿರುಪತೀಲಿ. ಈ ಆಯುಧಪೂಜೆಗೆ ಮೆಷಿನ್‌ಗೆ ಹಾರ ಹಾಕೋ ಮುಂಚೆ ಪ್ಲೇಟಿಂಗ್ ಟ್ಯಾಂಕ್ ಪಕ್ಕ ಒಂದು ನಲ್ಲಿ ಹಾಕ್ಸಿ, ಅದ್ರ ಮುಂದೆ ಡ್ರಮ್ಮು ಗಿಮ್ಮು ಜೋಡಿಸ್ಬೇಡಿ.