ವಾರ್ಲಿ ಅಲ್ಲ ಮಾರಾಯ್ರೆ, ಇದು ನಮ್ಮನೆ ಗೋಡೆ

ಬೆಂಗಳೂರಲ್ಲಿ ಮೂರು ದಿನ ಎಕ್ಸಿಬಿಷನ್ ಹಾಕಿ ವಾಪಸ್ ಬಂದ ನಮ್ಮೂರ ಆರ್ಟಿಸ್ಟಣ್ಣ ಸಾಗರದ ಬಸ್‌ಸ್ಟ್ಯಾಂಡಲ್ಲಿ ಇಳಿದವನೇ ನನಗೆ ಹೇಳಿದ್ದು ಒಂದೇ ಮಾತು. 'ಹದಿನೇಳು ಜನ ವಾರ್ಲಿನಾ ಅಂತ ಕೇಳಿದ್ರು ಕಣೋ. ಎಣಿಸ್ದೆ.' (ವಾರ್ಲಿ ಅಂದ್ರೆ ಮಹಾರಾಷ್ಟ್ರ ಕಡೆ ಆದಿವಾಸಿಗಳ ಗೋಡೆ ಚಿತ್ರ, ಇವನು ಬರೆಯೋದು ನಮ್ಮ ಕಡೆಯ ಹಸೆ ಚಿತ್ತಾರ.)

ಹೆಸರು ಹಾಕಲ್ಲ, ಹಾಕಿದ್ರೆ ನನ್ನ ಜೊತೆ ಮಾತು ಬಿಡ್ತಾನೆ. ಸಾಗರ ಸೊರಬ ಕಡೆಯವರಿಗೆ ಹೇಳ್ದೇನೇ ಗೊತ್ತಾಗುತ್ತೆ ಬಿಡಿ. ಅರವತ್ತು ದಾಟಿದೆ, ಬೋರ್ಡ್ ಬರೆಯೋ ಕೆಲಸ. ಕೆಲಸ ಅಂದ್ರೆ ಈಗ ಇಲ್ಲ, ಇತ್ತು. ಕಿರಾಣಿ ಅಂಗಡಿ, ಲಾರಿ ಹಿಂದಿನ ಹುಲಿ, ನಾಟಕದ ಪರದೆ, ಆಮೇಲೆ ಸರ್ಕಾರಿ ಗೋಡೆ ಮೇಲೆ 'ಆರತಿಗೊಬ್ಬಳು ಕೀರ್ತಿಗೊಬ್ಬ' ಅಂತ ಎಷ್ಟು ಸಲ ಬರೆದಿದ್ದಾನೋ ಲೆಕ್ಕ ಇಲ್ಲ (ಅವನಿಗೆ ಮೂರು ಮಕ್ಕಳು, ಅದು ಬೇರೆ ಕಥೆ). ಎಲೆಕ್ಷನ್ ಬಂದ್ರೆ ಎರಡು ತಿಂಗಳು ನಿದ್ದೆ ಇಲ್ಲ. ಶೇಷನ್ ಬಂದು ಚುನಾವಣೆ ರೂಲ್ಸ್ ಬಿಗಿ ಮಾಡಿದ್ಮೇಲೆ ಗೋಡೆ ಬರಹ ಕಮ್ಮಿ ಆಯ್ತು, ಅದು ಮೊದಲನೇ ಏಟು. ಎರಡನೇದು ಫ್ಲೆಕ್ಸ್. ಒಂದು ಅಂಗಡಿ ಬೋರ್ಡ್‌ಗೆ ಅವನು ಎರಡು ದಿನ ತಗೊಳ್ತಿದ್ದ, ಮಷಿನ್ ಹತ್ತು ನಿಮಿಷದಲ್ಲಿ ಉಗುಳುತ್ತೆ, ಜೊತೆಗೆ ಓನರ್ ಫೋಟೋನೂ ಬರುತ್ತೆ, ಇನ್ನೇನು ಬೇಕು ಹೇಳಿ.

ಕೆಲಸ ಇಲ್ದೆ ಸುಮ್ಮನೆ ಕೂತ ಕಾಲದಲ್ಲೇ ಅವನು ಅಮ್ಮನ ಗೆರೆಗೆ ವಾಪಸ್ ಹೋಗಿದ್ದು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ಬೇಕು. ನಮ್ಮ ಕಡೆ ದೀವರು ಅನ್ನೋ ಸಮುದಾಯದವರ ಮನೆಗಳಲ್ಲಿ ಮದುವೆ ಬಂತು ಅಂದ್ರೆ ಹಸೆ ಗೋಡೆ ಬರೀತಾರೆ, ಮದುಮಕ್ಕಳನ್ನ ಅದರ ಮುಂದೆ ಹಸೆ ಮೇಲೆ ಕೂರಿಸ್ತಾರೆ. ಕೆಮ್ಮಣ್ಣು ಸಾರಿಸಿದ ಗೋಡೆ, ಅದರ ಮೇಲೆ ಅಕ್ಕಿ ನೆನೆಸಿ ಅರೆದ ಬಿಳಿ. ಕಪ್ಪು ಬೇಕಂದ್ರೆ ಅದೇ ಅಕ್ಕಿನ ಕರ್‍ರಗೆ ಹುರಿದು ಅರೀಬೇಕು. ಹಳದಿಗೆ ಗುರಿಗೆ ಕಾಯಿ. ಬ್ರಷ್ ಅಂತ ಏನೂ ಇಲ್ಲ, ಪುಂಡಿ ನಾರು. ಆ ನಾರಲ್ಲಿ ಒಂದು ಎಳೆ ಪಕ್ಕ ಇನ್ನೊಂದು ಎಳೆ, ಕೂದಲಷ್ಟು ಗ್ಯಾಪು, ಸ್ಕೇಲ್ ಇಲ್ಲ ಏನಿಲ್ಲ, ಹಾಡು ಹೇಳ್ಕೋತಾ ಹೆಂಗಸರು ಎಳೀತಾ ಹೋಗ್ತಾರೆ, ನೋಡ್ತಾ ಇದ್ರೆ ನಮಗೆ ಉಸಿರು ಕಟ್ಟುತ್ತೆ. ಆಮೇಲೆ ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ. ದೊಡ್ಡದೊಂದು ಚಿಕ್ಕದೊಂದು, ಸಗಣಿ ಬಳಿದು ಕೆಮ್ಮಣ್ಣು ಹಚ್ಚಿ ಮೈತುಂಬಾ ಚಿತ್ತಾರ ಬರೆದು, ಅದರಲ್ಲಿ ಅಡುಗೆ ತುಂಬ್ಕೊಂಡು ಬೆಳಗಿನ ಜಾವ ಗದ್ದೆಗೆ ಹೋಗೋದು, ಬಸುರಿ ಭೂಮಿತಾಯಿಗೆ ಬಯಕೆ ಊಟ.

ಅವನ ಅಮ್ಮನ ಮದುವೆಯ ಹಸೆ ಗೋಡೆ ಈಗ ಲಿಂಗನಮಕ್ಕಿ ನೀರಿನೊಳಗೆ ಇದೆ. 1964ರಲ್ಲಿ ಡ್ಯಾಮ್ ಆದಾಗ ಅವನಿಗೆ ಎರಡೋ ಮೂರೋ ವರ್ಷ. ಹೆಂಚು ಇಳಿಸಿ ತಂದ್ರಂತೆ, ಬಾಗಿಲು ದಾರಂದ ಕಿತ್ತು ತಂದ್ರಂತೆ, ಗೋಡೆ ಹೊತ್ಕೊಂಡು ಬರೋಕಾಗುತ್ತಾ? ಅಮ್ಮ ತಂದಿದ್ದು ಎರಡು ಬುಟ್ಟಿ. ಮಳೆ ಕೈಕೊಟ್ಟ ವರ್ಷ ಬೇಸಿಗೇಲಿ ನೀರು ಇಳಿದು ಹಳೇ ಮಡೆನೂರು ಡ್ಯಾಮ್ ಮೇಲೆ ಕಾಣಿಸುತ್ತಲ್ಲ, ಎಲ್ಲರೂ ಸೆಲ್ಫಿಗೆ ಹೋದ್ರೆ ಇವನು ಸುಮ್ಮನೆ ಕೂತು ಬರ್ತಾನೆ. ಏನು ನೋಡ್ದೆ ಅಂದ್ರೆ 'ಕೆಸರು' ಅಂತಾನೆ. ಅವನ ಚಿತ್ರಗಳಲ್ಲೆಲ್ಲ ಕೆಳಗಡೆ ಒಂದು ಗೇಣು ಕೆಮ್ಮಣ್ಣು ಖಾಲಿ ಬಿಟ್ಟಿರ್ತಾನೆ. ಯಾಕೆ ಅಂತ ನಾನೂ ಕೇಳಿಲ್ಲ.

ಹೆಂಗಸರ ಕೆಲಸಕ್ಕೆ ಕೈ ಹಾಕಿದ್ದಕ್ಕೆ ಮನೇಲಿ ಮೊದಮೊದಲು ನಗಾಡಿದ್ರಂತೆ. ಲೋಯರ್ ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಪಾಸ್ ಮಾಡಿದೋನು, ಎನಾಮಲ್ ಡಬ್ಬಿ ಕಂಡ ಕೈ, ಆದ್ರೂ ಪುಂಡಿ ನಾರು ಬಗ್ಗಿಸೋಕೆ ಎರಡು ವರ್ಷ ಬೇಕಾಯ್ತು ಅಂತಾನೆ.

ಸರಿ, ಬೆಂಗಳೂರು ವಿಷಯಕ್ಕೆ ಬರ್ತೀನಿ. ಯಾವ ಗ್ಯಾಲರಿ ಅಂತ ಬೇಡ. ಬಾಡಿಗೆ, ಫ್ರೇಮು, ಬಸ್ ಚಾರ್ಜು, ಲಾಡ್ಜು, ಎಲ್ಲಾ ಸೇರಿ ಅಡಿಕೆ ದುಡ್ಡು ಪೂರಾ ಹೋಯ್ತು. ಬಂದವರು ಒಳ್ಳೆಯವರೇ, ಮೆಲ್ಲಗೆ ಮಾತಾಡೋರು. 'ಸೋ ಎಥ್ನಿಕ್' ಅಂದ್ರು, ವಾರ್ಲಿ ಅಂದ್ರು, ಒಬ್ಬರು ಕುಶನ್ ಕವರ್ ಮೇಲೆ ಪ್ರಿಂಟ್ ಸಿಗುತ್ತಾ ಅಂತ ಕೇಳಿದ್ರು. ಹೊಗಳಿದ್ರು, ಹೋದ್ರು. ನನಗೆ ಬೆಂಗಳೂರು ಮೇಲೆ ಸಿಟ್ಟಿಲ್ಲ, ಚಿತ್ರಕಲಾ ಪರಿಷತ್ತಿನವರು ಜನವರಿಯಲ್ಲಿ ಮಾಡೋ ಚಿತ್ರಸಂತೆಗೆ ನಾನೇ ಹೋಗ್ತೀನಿ, ಕುಮಾರಕೃಪಾ ರಸ್ತೆ ತುಂಬಾ ಜನ ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಚಿತ್ರ ನೋಡೋದು ಇದೆಯಲ್ಲ, ಅದು ಖುಷಿನೇ. ನನ್ನ ತಕರಾರು ಬೇರೆ. ಕಲಾವಿದ ಅನ್ನಿಸ್ಕೊಳ್ಳೋಕೆ ಮುನ್ನೂರೈವತ್ತು ಕಿಲೋಮೀಟರ್ ದೂರ ಹೋಗಿ, ಏನೂ ಗೊತ್ತಿಲ್ಲದವರ ಹತ್ರ ಹೊಗಳಿಸ್ಕೊಂಡು ಬರಬೇಕು ಅನ್ನೋದು ಯಾವ ನ್ಯಾಯ ಅಂತ.

ಊರಲ್ಲೇ ಹಾಕೋಣ ಅಂದ್ರೆ ನಮ್ಮವರದ್ದು ಒಂದೇ ರಾಗ, 'ಇಲ್ಲಿ ಯಾರು ನೋಡ್ತಾರೆ?' ಅಲ್ಲಾ ಸ್ವಾಮಿ, ಪಕ್ಕದ ಹೆಗ್ಗೋಡಲ್ಲಿ 1949ರಿಂದ ನೀನಾಸಂ ಇದೆ, ಅಡಿಕೆ ಸುಲಿಯೋ ಕೈಯಲ್ಲೇ ಬಂದು ಕೂತು ಜನ ಶೇಕ್ಸ್‌ಪಿಯರ್ ನೋಡ್ಲಿಲ್ವಾ? ಮನೆಗೆ ಹೋಗ್ತಾ ಆ ರಾಜ ಪಾರ್ಟು ಸಪ್ಪೆ ಅಂತ ಬೈಲಿಲ್ವಾ? ನಾಟಕಕ್ಕೆ ಬಂದವರು ಚಿತ್ರಕ್ಕೆ ಬರಲ್ಲ ಅಂತ ಯಾರು ಟೆಸ್ಟ್ ಮಾಡಿ ನೋಡಿದ್ದಾರೆ?

ಅದಕ್ಕೇ 2023ರ ಸಾಗರದ ಮಾರಿಕಾಂಬಾ ಜಾತ್ರೆಗೆ (ಮೂರು ವರ್ಷಕ್ಕೊಮ್ಮೆ ಬರೋದು, ಬಿಟ್ರೆ ಮತ್ತೆ 2026) ನಾವು ನಾಲ್ಕು ಜನ ಸೇರಿ ಮುಚ್ಚಿದ್ದ ಒಂದು ಅಂಗಡಿ ಜಗಲಿ ಕೇಳ್ಕೊಂಡ್ವಿ. ಅಡಿಕೆ ದಬ್ಬೆ ಕಟ್ಟಿ ಚಿತ್ರ ತೂಗು ಹಾಕಿದ್ವಿ, ಎರಡು ಬಲ್ಬು, ಒಂದು ಬೆಂಚು, ಫ್ರೇಮ್ ಇಲ್ಲ. ಒಂದು ಕಡೆ ತೊಟ್ಟಿಲು ಆಟದ ಮೈಕು, ಇನ್ನೊಂದು ಕಡೆ ಮಿರ್ಚಿ ಬಜ್ಜಿ ಎಣ್ಣೆ ಹೊಗೆ. ಅಣ್ಣನಿಗೆ ನಾಚಿಕೆ, ಬಜ್ಜಿ ಅಂಗಡಿ ಹಿಂದೆ ಹೋಗಿ ನಿಂತಿದ್ದ. ಜನ ಬಳೆ ತಗೊಂಡು ಬರ್ತಾ ಹಾಗೇ ನುಗ್ತಿದ್ರು, ಬೈಕೊಂಡೇ ಬರ್ತಿದ್ರು. 'ಇದೇನು, ನಮ್ಮಜ್ಜಿ ಬರೀತಿದ್ದಿದ್ದು, ಇದಕ್ಕೆ ಎರಡು ಸಾವಿರನಾ!' ಬೈಗುಳ ಆದ್ರೂ ಅದರೊಳಗೆ 'ನಮ್ಮಜ್ಜಿ' ಇತ್ತು ನೋಡಿ.

ಮೂರನೇ ದಿನ ಸಂಜೆ ಒಬ್ಬಳು ಅಜ್ಜಿ ಬಂದ್ಲು. ಮೊಮ್ಮಗಳ ಕೈ ಹಿಡ್ಕೊಂಡು, ಕಣ್ಣಿಗೆ ದಪ್ಪ ಗ್ಲಾಸು. ಎಲ್ಲಕ್ಕಿಂತ ದೊಡ್ಡ ಹಸೆ ಚಿತ್ತಾರದ ಮುಂದೆ ನಿಂತಳು, ಮೂಗು ತಾಗುವಷ್ಟು ಹತ್ರ. ಬೆರಳಲ್ಲಿ ಎಣಿಸೋಕೆ ಶುರು ಮಾಡಿದ್ಲು. ಅಷ್ಟರಲ್ಲಿ ಶಿವಮೊಗ್ಗದಿಂದ ಬಂದಿದ್ದ ಗಂಡಹೆಂಡತಿ ಅದೇ ಚಿತ್ರಕ್ಕೆ ರೇಟ್ ಮಾತಾಡ್ತಿದ್ರು, ನಾನೂ ಲೆಕ್ಕ ಹಾಕಿ ಮುಗಿಸಿದ್ದೆ. ಅಜ್ಜಿ ತಿರುಗಿ ಕೇಳಿದ್ಲು, 'ಇದ್ನ ಬರ್ದೋರು ಯಾರು?' ಅಣ್ಣ ಬಜ್ಜಿ ಅಂಗಡಿ ಹಿಂದಿಂದ ಬಂದ.

'ಈ ಬದಿ ನಾಕು ಎಳೆ. ಆ ಬದಿ ಮೂರೇ. ನಿದ್ದೆ ಮಾಡ್ತಾ ಬರ್ದ್ಯಾ?'

ಅವನು ಎಣಿಸ್ದ. ಇನ್ನೊಂದ್ಸಲ ಎಣಿಸ್ದ. ಅಜ್ಜಿ ಬೆಂಚ್ ಮೇಲಿದ್ದ ಚಹಾದಲ್ಲಿ ಬೆರಳದ್ದಿ, ಆ ಮೂಲೆ ಹೆಂಗೆ ತಿರುಗಬೇಕು ಅಂತ ಅಲ್ಲೇ ಬೆಂಚ್ ಮೇಲೆ ಗೆರೆ ಎಳೆದು ತೋರಿಸಿದ್ಲು, ಕೈ ನಡುಗ್ತಿತ್ತು, ಗೆರೆ ಮಾತ್ರ ನೆಟ್ಟಗಿತ್ತು. ಆಮೇಲೆ ಅವನ ಅಮ್ಮನ ಊರು ಕೇಳಿದ್ಲು. ಅವನು ಮುಳುಗಿದ ಊರಿನ ಹೆಸರು ಹೇಳ್ದ. ಹೂಂ ಅಂದ್ಲು, ಅವಳದ್ದೂ ಆ ಕಡೆನೇ ಅಂತೆ. ಬೇರೆ ಮಾತಾಡ್ಲಿಲ್ಲ, ಮೊಮ್ಮಗಳು ಐಸ್‌ಕ್ರೀಂ ಅಂತ ಎಳ್ಕೊಂಡು ಹೋಯ್ತು.

ಮಾರನೇ ದಿನ ಬೆಳಿಗ್ಗೆ ನಾನು ಹೋಗೋಷ್ಟರಲ್ಲಿ ಆ ಜಾಗ ಖಾಲಿ. ಶಿವಮೊಗ್ಗದವರು ದುಡ್ಡು ಹಿಡ್ಕೊಂಡು ನಿಂತಿದ್ದಾರೆ. ಚಿತ್ರ ಎಲ್ಲಿ ಮಾರಾಯ ಅಂದ್ರೆ, ಕಣ್ಣು ಕೆಂಪಗೆ ಮಾಡ್ಕೊಂಡು ಕೂತಿದ್ದ ಅಣ್ಣ ಅಂದ, 'ಕೊಡಲ್ಲ ಅಂತ ಹೇಳು. ಮನೆಗೆ ರಿಪೇರಿಗೆ ಹೋಗಿದೆ.'