ಪ್ರೊಸೆಸರ್ ಹಣೆಗೆ ಪಂಗನಾಮ

ಮೇ ತಿಂಗಳ ಒಂದು ಮಧ್ಯಾಹ್ನ ನನ್ನ ಕಂಪ್ಯೂಟರ್ ನಾನು ಬರೆಯುತ್ತಿದ್ದ ವಾಕ್ಯವನ್ನು ಅರ್ಧಕ್ಕೇ ನುಂಗಿ ಆರಿಹೋಯಿತು. ವಿದ್ಯುತ್ ಹೋಗಿರಲಿಲ್ಲ, ತಲೆಯ ಮೇಲೆ ಫ್ಯಾನ್ ತಿರುಗುತ್ತಲೇ ಇತ್ತು. ಗುಂಡಿ ಒತ್ತಿದೆ. ಹತ್ತು ನಿಮಿಷ ಬದುಕಿ ಮತ್ತೆ ಕಣ್ಣು ಮುಚ್ಚಿತು. ತಂಗಿಯ ಮಗ ಬಂದ. ಯಾವುದೋ ತಂತ್ರಾಂಶ ಹಾಕಿ ನೋಡಿ, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ ವೈದ್ಯರ ಗಾಂಭೀರ್ಯದಲ್ಲಿ, "ಮಾವ, ನೂರು ಡಿಗ್ರಿ ಮುಟ್ಟುತ್ತಿದೆ. ಪೇಸ್ಟ್ ಒಣಗಿದೆ" ಎಂದ.

"ಯಾವ ಪೇಸ್ಟ್?" ಎಂದೆ.

ಆ ಪ್ರಶ್ನೆಯನ್ನು ನಾನು ಕೇಳಬಾರದಿತ್ತು. ಏನು ಒಣಗಿದೆ ಎಂದು ನಾನು ಕೇಳಿದ್ದೆ; ಯಾವುದನ್ನು ಕೊಳ್ಳೋಣ ಎಂದು ಅವನು ಅರ್ಥ ಮಾಡಿಕೊಂಡ. ಅಲ್ಲಿಂದ ಮುಂದೆ ಹದಿನೇಳು ದಿನ ನಮ್ಮ ಮನೆಯಲ್ಲಿ ಬೇರೆ ಮಾತೇ ನಡೆಯಲಿಲ್ಲ. ಇದೇ ಹುಡುಗನಿಗೆ ಕಳೆದ ವರ್ಷ ಎಂಜಿನಿಯರಿಂಗ್ ಕಾಲೇಜು ಆರಿಸಲು ಎರಡು ಸಂಜೆ ಸಾಕಾಗಿತ್ತು.

ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿನ ಮೇಲೊಂದು ಲೋಹದ ಮುಚ್ಚಳ, ಅದರ ಮೇಲೆ ಶಾಖ ಹೀರಿ ತಂಪು ಮಾಡುವ ಕೂಲರಿನ ತಳ. ಎರಡೂ ಕನ್ನಡಿಯಂತೆ ನುಣುಪಾಗಿ ಕಾಣುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಮಳೆಗಾಲ ಮುಗಿದ ಮೇಲಿನ ಬೆಂಗಳೂರಿನ ರಸ್ತೆ. ಆ ಗುಂಡಿಗಳಲ್ಲಿ ಗಾಳಿ ಕೂತಿರುತ್ತದೆ. ಶಾಖ ಸಾಗಿಸುವುದರಲ್ಲಿ ತಾಮ್ರದ ಅಂಕ ಸುಮಾರು 400 ಆದರೆ ಗಾಳಿಯದು 0.026. ಈ ಗಾಳಿಯನ್ನು ಹೊರಗಟ್ಟಲು ನಡುವೆ ಒಂದಿಷ್ಟು ಜಿಡ್ಡು ಮೆತ್ತುತ್ತಾರೆ. ಅದೇ ಥರ್ಮಲ್ ಪೇಸ್ಟ್. ಸಿಲಿಕೋನ್ ಎಣ್ಣೆಯಲ್ಲಿ ಸತುವಿನ ಆಕ್ಸೈಡ್, ಅಲ್ಯೂಮಿನಿಯಂ ಆಕ್ಸೈಡ್ ಕಲಸಿದ ಬೂದು ಬಣ್ಣದ ಕಣಕ. ಬೆಲೆ ಏರಿದಂತೆ ಬೆಳ್ಳಿಯ ಪುಡಿ, ಕೆಲವದರಲ್ಲಿ ವಜ್ರದ ಪುಡಿಯೂ ಇರುತ್ತದೆ. ಎಷ್ಟೇ ಮೆರೆದರೂ ಅದರ ಕೆಲಸ ಮದುವೆ ದಲ್ಲಾಳಿಯದು: ಎರಡು ಕಡೆಯವರನ್ನು ಹತ್ತಿರ ತಂದು ತಾನು ಆದಷ್ಟು ಕಾಣದಂತಿರುವುದು. ದಲ್ಲಾಳಿಯೇ ಮಂಟಪದ ನಡುವೆ ದಪ್ಪಗೆ ಕೂತುಬಿಟ್ಟರೆ ಹುಡುಗ ಹುಡುಗಿ ಒಬ್ಬರ ಮುಖ ಒಬ್ಬರು ನೋಡುವುದೆಂತು?

ಇಂಥ ದಲ್ಲಾಳಿಗೂ ಒಂದು ಅಂಕಪಟ್ಟಿ ಇದೆ. ಪೆಟ್ಟಿಗೆಯ ಮೇಲೆ ಉಷ್ಣವಾಹಕತೆಯ ಸಂಖ್ಯೆ ದಪ್ಪಕ್ಷರಗಳಲ್ಲಿ ಹೊಳೆಯುತ್ತದೆ. ಒಂದರದು 4, ಇನ್ನೊಂದರದು 8.5, ಮತ್ತೊಂದರದು 12.5. ಅಳಿಯ ಅವನ್ನು ಸಿಇಟಿ ರ‍್ಯಾಂಕ್ ಓದಿದಂತೆ ಓದುತ್ತಿದ್ದ. ಅಂಕ ಕೊಟ್ಟವರು ಯಾರು ಎಂದು ಕೇಳಿದೆ. ತಯಾರಿಸಿದವರೇ. ಅಳೆಯಲು ಪ್ರಮಾಣಿತ ವಿಧಾನವಿದೆ. ಆದರೆ ಡಬ್ಬಿಯ ಮೇಲೆ ಬರೆಯುವವರೆಲ್ಲ ಅದರಂತೆಯೇ ಅಳೆದು ಬರೆಯುತ್ತಾರೆ ಎಂದು ನಂಬಬೇಕಾದರೆ ಬಹಳ ಒಳ್ಳೆಯ ಮನಸ್ಸು ಬೇಕು. ಆರ್ಕ್ಟಿಕ್ ಎಂಬ ಕಂಪನಿ ತನ್ನ ಎಂಎಕ್ಸ್-4 ಪೇಸ್ಟಿಗೆ ಒಂದು ಕಾಲದಲ್ಲಿ 8.5 ಎಂದು ಬರೆದುಕೊಳ್ಳುತ್ತಿತ್ತು. ಆಮೇಲೆ ಅದಕ್ಕೆ ಏನನ್ನಿಸಿತೋ, ಈ ಸಂಖ್ಯೆಗಳ ಪೈಪೋಟಿಗೆ ಅರ್ಥವಿಲ್ಲವೆಂದು ಹೊಸ ಪೇಸ್ಟಿನ ಮೇಲೆ ಅಂಕ ಹಾಕುವುದನ್ನೇ ಬಿಟ್ಟಿತು. ನನಗೆ ಗೌರವ ಹುಟ್ಟಿತು. ಅಳಿಯನಿಗೆ ಅನುಮಾನ ಹುಟ್ಟಿತು.

"ಅಂಕವೇ ಇಲ್ಲದ್ದನ್ನು ಹೇಗೆ ನಂಬುವುದು ಮಾವ? ಫೇಲಾಗಿರಬೇಕು."

ಒಂದು ರಾತ್ರಿ ನಿದ್ದೆ ಬಾರದೆ ನಾನೇ ಲೆಕ್ಕ ಹಾಕಿದೆ. ಮೂರು ಸೆಂಟಿಮೀಟರ್ ಉದ್ದ, ಮೂರು ಸೆಂಟಿಮೀಟರ್ ಅಗಲದ ಮುಚ್ಚಳ. ಪೇಸ್ಟಿನ ಪದರ 50 ಮೈಕ್ರಾನ್, ಅಂದರೆ ತಲೆಗೂದಲಿನಷ್ಟು ದಪ್ಪ. ನನ್ನದು 65 ವ್ಯಾಟಿನ ಬಡ ಪ್ರೊಸೆಸರ್. ಶಾಖ ಸಮವಾಗಿ ಹರಡುತ್ತದೆ ಎಂದುಕೊಂಡರೆ, 4 ಅಂಕದ ಪೇಸ್ಟಿನಲ್ಲಿ ಕಳೆದುಹೋಗುವುದು ಸುಮಾರು 0.9 ಡಿಗ್ರಿ, 8 ಅಂಕದ್ದರಲ್ಲಿ 0.45. ಇಷ್ಟು ದಿನದ ಸಂಶೋಧನೆ ಅರ್ಧ ಡಿಗ್ರಿಗೂ ಕಡಿಮೆಯ ಲಾಭಕ್ಕೆ! ಪ್ರೊಸೆಸರನ್ನು ಅದರ ಮಿತಿಗಿಂತ ಹೆಚ್ಚು ಓಡಿಸಿ ದಾಖಲೆ ಮಾಡುವವರಿಗೆ, ಅತಿ ಚಿಕ್ಕ ಜಾಗದಲ್ಲಿ ಅತಿ ಹೆಚ್ಚು ಶಾಖ ಹುಟ್ಟಿಸುವ ಯಂತ್ರಗಳಿಗೆ ಈ ಲೆಕ್ಕ ದೊಡ್ಡದಾಗುತ್ತದೆ, ಒಪ್ಪಿದೆ. ನಾನು ಅಂಕಣ ಬರೆಯುವವನು. ನನ್ನ ಅತ್ಯಂತ ಭಾರವಾದ ಕೆಲಸವೆಂದರೆ ಕಾಗುಣಿತ ತಿದ್ದುವುದು.

ಅದೇ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಆ ಪದರಕ್ಕೆ ಬೇಕಾದ ಪೇಸ್ಟ್ ಒಂದು ಗ್ರಾಮಿನ ಹತ್ತನೇ ಒಂದು ಭಾಗದಷ್ಟು. ನಾಲ್ಕು ಗ್ರಾಮಿನ ಒಂದು ಕೊಳವೆ, ಕೈಜಾರಿದ್ದನ್ನು ಕಳೆದರೂ, ನನ್ನ ಆಯುಷ್ಯಕ್ಕೆ ಮುಗಿಯುವುದಿಲ್ಲ. ಅಂಗಡಿಯಲ್ಲಿ 45 ಗ್ರಾಮಿನದೂ ಇದೆ. ಅದನ್ನು ಉಯಿಲಿನಲ್ಲಿ ಬರೆಯಬೇಕಾಗುತ್ತದೆ.

ಯಾವ ಪೇಸ್ಟ್ ಎಂಬುದು ಮುಗಿಯುವ ಮೊದಲೇ ಹೇಗೆ ಹಚ್ಚುವುದು ಎಂಬ ಪ್ರಶ್ನೆ ಎದ್ದಿತು. ಇಲ್ಲಿ ಮತಭೇದಗಳು ನಮ್ಮ ಮಠಗಳನ್ನು ಮೀರಿಸುತ್ತವೆ. ನಡುಮಧ್ಯೆ ಬಟಾಣಿಯಷ್ಟು ಒಂದೇ ಬೊಟ್ಟು ಇಡಬೇಕು ಎನ್ನುವುದು ಕುಂಕುಮದ ಪಂಥ. ಉದ್ದಕ್ಕೆ ಒಂದೇ ಗೆರೆ ಎಳೆಯುವವರು ನಾಮದವರು. ಅಡ್ಡಗೆರೆಗಳಲ್ಲಿ ನಂಬಿಕೆಯುಳ್ಳವರು ವಿಭೂತಿಯವರು. ಗುಣಾಕಾರದ ಚಿಹ್ನೆ ಹಾಕುವವರು, ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಎಂದು ಐದು ಚುಕ್ಕಿಯ ರಂಗೋಲಿ ಇಡುವವರು ಬೇರೆ. ಇವರೆಲ್ಲರನ್ನೂ ಅಜ್ಞಾನಿಗಳೆಂದು ಕರೆಯುವ ಇನ್ನೊಂದು ಗುಂಪು ಪುಟ್ಟ ಕೈಕರಣೆ ಹಿಡಿದು, ಮೈಸೂರು ಮಸಾಲೆ ದೋಸೆಗೆ ಕೆಂಪು ಚಟ್ನಿ ಸವರಿದಂತೆ, ಅಂಚಿನವರೆಗೂ ಸವರುತ್ತದೆ. ಕೂಲರ್ ಮೇಲೆ ಕೂತು ತಿರುಪು ಬಿಗಿಯಾಯಿತೆಂದರೆ ಬೊಟ್ಟೂ ಗೆರೆಯೂ ರಂಗೋಲಿಯೂ ಚಪ್ಪಟೆಯಾಗಿ ಹೆಚ್ಚುಕಡಿಮೆ ಒಂದೇ ಆಗುತ್ತವೆ. ಈ ಅದ್ವೈತವನ್ನು ಯಾರೂ ಒಪ್ಪುವುದಿಲ್ಲ. 2018ರಲ್ಲಿ ಅಮೆರಿಕದ ಒಂದು ತಂತ್ರಜ್ಞಾನ ಸುದ್ದಿತಾಣ ಕಂಪ್ಯೂಟರ್ ಜೋಡಿಸುವುದು ಹೇಗೆಂದು ವಿಡಿಯೊ ಮಾಡಿ, ಕಾರ್ಖಾನೆಯಲ್ಲೇ ಪೇಸ್ಟ್ ಹಚ್ಚಿ ಕಳಿಸಿದ್ದ ಕೂಲರಿಗೆ ಮತ್ತಷ್ಟು ಧಾರಾಳವಾಗಿ ಪೇಸ್ಟ್ ಸುರಿಯಿತು. ಆ ತಪ್ಪನ್ನು ಜಗತ್ತು ಇನ್ನೂ ಕ್ಷಮಿಸಿಲ್ಲ.

ಬೆಳ್ಳಿಪುಡಿಯ ಒಂದು ಹೆಸರಾಂತ ಪೇಸ್ಟು ಪೂರ್ತಿ ಫಲ ಕೊಡಲು 200 ಗಂಟೆಗಳವರೆಗೆ ಹಿಡಿಯಬಹುದು ಎಂದು ಅದರ ತಯಾರಕರೇ ಹೇಳುತ್ತಾರೆ. ದಿನಕ್ಕೆ ನಾಲ್ಕು ಗಂಟೆಯಂತೆ ಹಿಡಿದರೆ ಐವತ್ತು ದಿನ. ನಲವತ್ತೆಂಟು ದಿನದ ಮಂಡಲ ವ್ರತಕ್ಕಿಂತ ಎರಡು ದಿನ ಹೆಚ್ಚು. ಫಲ ಸಿಗದಿದ್ದರೆ ಭಕ್ತಿಯಲ್ಲೇ ಕೊರತೆ ಇರಬೇಕು.

ಪೇಸ್ಟಿನ ಬದಲು ಟೂತ್‌ಪೇಸ್ಟ್, ಕೆಚಪ್, ಮೆಯೊನೀಸ್ ಹಚ್ಚಿ ನೋಡಿದವರೂ ಇದ್ದಾರೆ. ತಮಾಷೆಯೆಂದರೆ ಮೊದಲ ಕೆಲವು ಗಂಟೆ ಇವೂ ಕೆಲಸ ಮಾಡುತ್ತವೆ. ಒಳಗಿನ ನೀರು ಆರಿದ ಮೇಲೆ ಸೊಲ್ಲಡಗುತ್ತದೆ. ಇಂಟೆಲ್ ಕಂಪನಿ 2012ರಲ್ಲಿ ಪ್ರೊಸೆಸರಿನ ಮುಚ್ಚಳದ ಒಳಗೆ ಬೆಸುಗೆಯ ಬದಲು ಪೇಸ್ಟ್ ಬಳಸಲು ಶುರು ಮಾಡಿದಾಗ ಹೊರದೇಶದ ರಸಿಕರು ಅದನ್ನು ಟೂತ್‌ಪೇಸ್ಟ್ ಎಂದೇ ಹಂಗಿಸಿದರು. ಹಂಗಿಸಿ ಸುಮ್ಮನಿರಲಿಲ್ಲ, ವಾರಂಟಿಗೆ ಎಳ್ಳುನೀರು ಬಿಟ್ಟು, ಬ್ಲೇಡು ಹಾಕಿ ಮುಚ್ಚಳ ಕಿತ್ತು, ತಮ್ಮ ಕೈಯಾರೆ ಬೇರೆ ಪೇಸ್ಟ್ ತುಂಬಿದರು. 2018ರಲ್ಲಿ ಕಂಪನಿ ಮಣಿದು ಮತ್ತೆ ಬೆಸುಗೆ ಹಾಕಿತು. ಬೆಸುಗೆಯನ್ನೂ ಕಿತ್ತು ನೋಡಿದರು.

ಅಳಿಯನ ಮನಸ್ಸು ಅಷ್ಟು ಹೊತ್ತಿಗೆ ಪೇಸ್ಟಿನ ಬದಲು ಹಚ್ಚುವ ದ್ರವಲೋಹದ ಕಡೆ ವಾಲಿತ್ತು. ಅದರ ಅಂಕ 73. ಪ್ಲೇಸ್ಟೇಷನ್ 5 ಎಂಬ ವಿಡಿಯೊ ಆಟದ ಯಂತ್ರದಲ್ಲಿ ಅದನ್ನೇ ಹಾಕಿದ್ದಾರಂತೆ. ಹೌದು, ಹಾಕಿದ್ದಾರೆ, ಅದು ಹೊರಗೆ ಹರಿಯದಂತೆ ಕಟ್ಟೆ ಕಟ್ಟಿ ಹಾಕಿದ್ದಾರೆ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಮ್ಮಿಗೆ ತಗುಲಿದರೆ ಲೋಹವೇ ಹಪ್ಪಳದಂತೆ ಪುಡಿಯಾಗುತ್ತದೆ. ಸರ್ಕಿಟ್ ಮೇಲೆ ಒಂದು ಹನಿ ಬಿದ್ದರೆ ವಿದ್ಯುತ್ತು ದಾರಿ ತಪ್ಪುತ್ತದೆ. ನನ್ನ ಕೂಲರಿನ ತಳ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಇಡಬೇಡ ಎಂದು ಅಜ್ಜಿ ಹೇಳುತ್ತಿದ್ದಳು. ಗ್ಯಾಲಿಯಂ ಇಡಬೇಡ ಎಂದು ಅವಳು ಹೇಳಿರಲಿಲ್ಲ, ನಾನೇ ಹೇಳಬೇಕಾಯಿತು.

ಹದಿನಾರನೆಯ ದಿನ ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಗೆ ಹೋದೆವು. ಒಂದು ಗೋಣಿಚೀಲ, ಎರಡು ಸ್ಕೂಟರ್, ಒಂದು ತಳ್ಳುಗಾಡಿಯ ನಡುವೆ ನುಸುಳಿ ಅಂಗಡಿ ಸೇರಿದಾಗ ಅಳಿಯ ಪಟ್ಟಿ ತೆಗೆದ. ಅಂಗಡಿಯವರು ಅದರತ್ತ ನೋಡಲೂ ಇಲ್ಲ. ಹಲ್ಲುಕಡ್ಡಿಯ ಡಬ್ಬಿಯಂತಿದ್ದ ಒಂದರಿಂದ ಹೆಸರಿಲ್ಲದ ಪುಟ್ಟ ಸಿರಿಂಜ್ ತೆಗೆದು ಕೌಂಟರಿನ ಮೇಲಿಟ್ಟು, "ಯಾವುದಾದರೂ ಹಾಕಿ ಸರ್, ನಿಮ್ಮ ಮೆಷಿನ್ನಿಗೆ ಎಲ್ಲವೂ ಒಂದೇ" ಎಂದರು. ಅಷ್ಟು ದಿನಗಳಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ನಿಜ ಅದು. ಅಳಿಯ ನನ್ನ ತೋಳು ಹಿಡಿದು ಆ ಅಂಗಡಿಯಿಂದ ಹೊರಗೆಳೆದ. ಇನ್ನೊಂದು ಅಂಗಡಿಯಲ್ಲಿ ಹೆಸರಿದ್ದದ್ದು ಸಿಕ್ಕಿತು. ಅಸಲಿಯೋ ನಕಲಿಯೋ ಎಂದು ತಿಳಿಯಲು ಪೆಟ್ಟಿಗೆಯ ಮೇಲಿನ ಸಂಕೇತವನ್ನು ಮೊಬೈಲಿನಲ್ಲಿ ಪರೀಕ್ಷಿಸಬೇಕು. ನಾಲ್ಕು ಗ್ರಾಂ ಜಿಡ್ಡಿಗೂ ನಕಲಿ ಮಾಡುವವರಿದ್ದಾರೆ ಎಂದ ಮೇಲೆ ಈ ವ್ಯಾಪಾರದಲ್ಲಿ ಲಾಭ ಯಾರಿಗಿದೆ ಎಂದು ವಿವರಿಸಬೇಕಿಲ್ಲ. ಬಿಲ್ ನೋಡಿ ನಾನು ನನ್ನ ಹಣೆಯನ್ನೊಮ್ಮೆ ಮುಟ್ಟಿಕೊಂಡೆ. ಉದ್ದ ಗೆರೆಯ ಪಂಥವೇ.

ಮರುದಿನ ಕ್ಯಾಬಿನೆಟ್ ಬಿಚ್ಚಿದೆವು. ಕೂಲರಿನ ರೆಕ್ಕೆಗಳ ನಡುವೆ ಕಂಬಳಿಯಷ್ಟು ದಪ್ಪನೆಯ ದೂಳು. ಅದರಲ್ಲಿ ಊದುಬತ್ತಿಯ ಬೂದಿ, ದಿಂಬಿನ ಹತ್ತಿ, ತಂದೆಯವರ ಕಾಲದಿಂದ ಹುಡುಕುತ್ತಿದ್ದ ಒಂದು ಗುಂಡುಸೂಜಿ. ಅಳಿಯ ಅದಷ್ಟನ್ನೂ ಬಣ್ಣ ಬಳಿಯುವ ಬ್ರಷ್ಷಿನಿಂದ ಐದು ನಿಮಿಷದಲ್ಲಿ ಗುಡಿಸಿ ಹಾಕಿ, "ಇನ್ನು ಮುಖ್ಯ ಕೆಲಸ" ಎಂದು ಕೈಗವಸು ತೊಟ್ಟ. ಹಳೆಯ ಪೇಸ್ಟನ್ನು ಸ್ಪಿರಿಟಿನಲ್ಲಿ ಒರೆಸಿದ. ಬೊಟ್ಟಿಟ್ಟ. ತಿರುಪುಗಳನ್ನು ಕರ್ಣಕ್ರಮದಲ್ಲಿ, ಉಸಿರು ಬಿಗಿಹಿಡಿದು, ಸ್ವಲ್ಪಸ್ವಲ್ಪವೇ ಬಿಗಿದ. ಅಡುಗೆಮನೆಯಿಂದ ಬಂದ ನನ್ನ ಹೆಂಡತಿ, ಕ್ಯಾಬಿನೆಟ್ ಇಡುವ ಮೇಜಿನ ಗೂಡಿನ ಬಾಗಿಲನ್ನು ತೆರೆದು, "ಇದನ್ನು ಮುಚ್ಚಿಡಬೇಡಿ, ಒಳಗೆ ಒಲೆಯಂತೆ ಕಾಯುತ್ತದೆ ಎಂದು ಎರಡು ವರ್ಷದಿಂದ ಹೇಳುತ್ತಿದ್ದೇನೆ" ಎಂದಳು. ಆ ದಿನ ಬಾಗಿಲು ತೆರೆದೇ ಇತ್ತು.

ಕಂಪ್ಯೂಟರ್ ಹತ್ತಿತು. ಎಷ್ಟು ಕೆಲಸ ಕೊಟ್ಟರೂ 71 ಡಿಗ್ರಿ ದಾಟಲಿಲ್ಲ.

"ನೋಡಿದಿರಾ ಮಾವ? ಪೇಸ್ಟ್ ಅಂದರೆ ಇದು!" ಎಂದ ಅಳಿಯ.

ಈಗ ಉಳಿದ ಮೂರೂ ಮುಕ್ಕಾಲು ಗ್ರಾಂ ನಮ್ಮ ಮೇಜಿನ ಡ್ರಾಯರಿನಲ್ಲಿ, ಮನೆಪತ್ರಗಳ ಪಕ್ಕದಲ್ಲಿದೆ. ಸುದ್ದಿ ಬೀದಿಯೆಲ್ಲ ಹಬ್ಬಿದೆ. ಮೊನ್ನೆ ಎದುರುಮನೆಯ ನಿವೃತ್ತ ರಾಯರು ಲ್ಯಾಪ್‌ಟಾಪ್ ಎದೆಗವಚಿಕೊಂಡು ಬಂದರು.

"ಸ್ವಾಮಿ, ನಿಮ್ಮಲ್ಲಿ ಅದೇನೋ ತಂಪಿನ ಮುಲಾಮು ಇದೆಯಂತಲ್ಲ? ಇದು ವಿಪರೀತ ಕಾಯುತ್ತದೆ. ಹಾಸಿಗೆಯಲ್ಲಿ ದಿಂಬಿನ ಮೇಲಿಟ್ಟುಕೊಂಡು ನೋಡುತ್ತಿದ್ದರೆ ಕೈಯಿಡಲಾಗುವುದಿಲ್ಲ."

ದಿಂಬಿನ ಮಾತು ನನ್ನ ಕಿವಿಗೆ ಬಿದ್ದಿತು. ಗಾಳಿ ಹೋಗುವ ಕಿಂಡಿಗಳೆಲ್ಲ ಅದರ ಹೊಟ್ಟೆಯ ಕೆಳಗಿವೆ ಎಂಬುದೂ ಕಣ್ಣಿಗೆ ಕಂಡಿತು. ಕನ್ನಡಕ ಏರಿಸಿಕೊಂಡು, ಡ್ರಾಯರ್ ಎಳೆದು, ಸಿರಿಂಜನ್ನು ಬೆಳಕಿಗೆ ಹಿಡಿದು ಕೇಳಿದೆ:

"ರಾಯರೇ, ನಿಮ್ಮ ಮನೆತನದಲ್ಲಿ ಬೊಟ್ಟೋ, ಗೆರೆಯೋ?"